ಸೋತ ಬ್ಯಾಟರಿಗೆ ಮರುಜೀವ

ರಿಮೋಟು ಕಾರನ್ನು ಕಾಣದ ಮಗು ಇಂದು ನಮ್ಮ ನಾಡಿನಲ್ಲಿ ವಿರಳ. ನಗರದ ದೊಡ್ಡ ಮಳಿಗೆಗಳಲ್ಲಿ ಮಾತ್ರವಲ್ಲ, ಹಳ್ಳಿಯ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿಯ ಪಕ್ಕದಲ್ಲಿಯೂ ಅದು ಮಾರಾಟಕ್ಕಿರುತ್ತದೆ. ಕೊಂಡ ಹೊಸತರಲ್ಲಿ ಅದರ ಓಟವೇನು, ಗತ್ತೇನು! ಆದರೆ ನಾಲ್ಕಾರು ತಿಂಗಳು ಕಳೆಯುವಷ್ಟರಲ್ಲಿ ಎಷ್ಟೋ ಕಾರುಗಳು ಅಟ್ಟ ಸೇರುತ್ತವೆ. ಚಕ್ರ ಮುರಿದಿರುವುದಿಲ್ಲ, ಮೋಟಾರು ಸುಟ್ಟಿರುವುದಿಲ್ಲ. "ಬ್ಯಾಟರಿ ಹೋಯಿತು" ಎಂಬ ಒಂದೇ ತೀರ್ಪಿಗೆ ತಲೆಬಾಗಿ ಅವು ಅಲ್ಲಿ ಧೂಳು ಹಿಡಿಯುತ್ತವೆ.

ಆ ತೀರ್ಪನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ. ಹೋದುವೆಂದು ಬಿಸುಟ ಬ್ಯಾಟರಿಗಳಲ್ಲಿ ಕೆಲವು ನಿಜವಾಗಿ ಹೋಗಿರುವುದಿಲ್ಲ, ಸೋತಿರುತ್ತವೆ, ಅಷ್ಟೆ. ಅವನ್ನು ಎಬ್ಬಿಸಬಹುದು. ಮತ್ತೆ ಕೆಲವನ್ನು ಎಬ್ಬಿಸಹೊರಡುವುದೆಂದರೆ ಮನೆಗೆ ಬೆಂಕಿಯನ್ನು ಕರೆದಂತೆ. ಇವೆರಡರ ನಡುವಣ ಭೇದವನ್ನು ತಿಳಿಯಲು ರಸಾಯನಶಾಸ್ತ್ರದ ಪದವಿಯೇನೂ ಬೇಕಿಲ್ಲ. ನಾನು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡವನ್ನು ಓದುತ್ತಿರುವ ವಿದ್ಯಾರ್ಥಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಇಂಗ್ಲಿಷಿನಲ್ಲಿ ಅಚ್ಚಾದದ್ದು ಏನು ಮನೆಗೆ ಬಂದರೂ, ಔಷಧದ ಶೀಶೆಯಾಗಲಿ, ಗೊಬ್ಬರದ ಚೀಲವಾಗಲಿ, ಓದಿ ಹೇಳುವ ಕೆಲಸ ನನ್ನದು. ಬ್ಯಾಟರಿಯ ಮೈಮೇಲಿನ ಬರಹವನ್ನು ಓದತೊಡಗಿದ್ದೂ ಹಾಗೆಯೇ. ಆ ಬರಹದಲ್ಲಿ ಅರ್ಧ ಚಿಕಿತ್ಸೆ ಅಡಗಿದೆ ಎಂಬುದು ನನ್ನ ಅನುಭವ.

ಕೂಡಿಟ್ಟ ವಿದ್ಯುತ್ತು

ಬ್ಯಾಟರಿಯೊಳಗೆ ವಿದ್ಯುತ್ತು ಕೊಡದಲ್ಲಿನ ನೀರಿನಂತೆ ತುಂಬಿರುತ್ತದೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅಲ್ಲಿರುವುದು ಎರಡು ಬೇರೆ ಬೇರೆ ದ್ರವ್ಯಗಳು ಮತ್ತು ಅವುಗಳ ನಡುವೆ ಒಂದು ದ್ರಾವಣ. ಋಣಧ್ರುವದ ದ್ರವ್ಯಕ್ಕೂ ಧನಧ್ರುವದ ದ್ರವ್ಯಕ್ಕೂ ರಾಸಾಯನಿಕ ಕ್ರಿಯೆ ನಡೆದಾಗ ಹೊರಗಿನ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಇಟಲಿಯ ಅಲೆಸ್ಸಾಂದ್ರೊ ವೋಲ್ಟಾ 1800ರಲ್ಲಿ ಲೋಕಕ್ಕೆ ತಿಳಿಸಿದ್ದು ಈ ಕ್ರಮವನ್ನೇ. ಆದರೆ ವೋಲ್ಟಾನ ಕೋಶದಲ್ಲಿ ದ್ರವ್ಯ ತೀರಿದರೆ ಕೆಲಸ ತೀರಿತು. ಹೊರಗಿನಿಂದ ವಿದ್ಯುತ್ತನ್ನು ಹಿಂದಕ್ಕೆ ಹರಿಸಿ ದ್ರವ್ಯವನ್ನು ಮೊದಲಿನ ಸ್ಥಿತಿಗೆ ತರಬಲ್ಲ ಕೋಶವನ್ನು 1859ರಲ್ಲಿ ನಿರ್ಮಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಅದು ಸೀಸ ಮತ್ತು ಗಂಧಕಾಮ್ಲದ ಕೋಶ. ಇಂದಿನ ಲಾರಿ ಬಸ್ಸುಗಳ ಬ್ಯಾಟರಿಯ ಪೂರ್ವಜ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್ ಮತ್ತು ಕ್ಯಾಡ್ಮಿಯಂಗಳಿಂದ ಬೇರೊಂದು ಬಗೆಯ ಕೋಶವನ್ನು ಕಂಡುಹಿಡಿದನು. ಜಪಾನಿನ ತಾಮಿಯಾ ಸಂಸ್ಥೆ 1976ರಲ್ಲಿ ತನ್ನ ಮೊದಲ ರಿಮೋಟು ಕಾರನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅಂಥ ಕಾರುಗಳನ್ನು ಬಹುಕಾಲ ಓಡಿಸಿದ್ದು ಈ ನಿಕ್ಕಲ್ ಜಾತಿಯ ಕೋಶಗಳೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಕಡೆ ಟಾರ್ಚಿನ ಶೆಲ್ಲು ಸೋತಾಗ ಅದನ್ನು ಬಿಸಿಲಿಗೆ ಇಟ್ಟು ಮತ್ತೆ ಹಾಕಿ ನೋಡುವ ರೂಢಿಯಿದೆ. ಬೆಳಕು ಸ್ವಲ್ಪ ಹೊತ್ತು ಬರುವುದೂ ಉಂಟು. ಇದು ಮರುಜೀವವಲ್ಲ. ಶಾಖದಿಂದ ರಾಸಾಯನಿಕ ಕ್ರಿಯೆ ಕೊಂಚ ಚುರುಕಾಗಿ, ಉಳಿದಿದ್ದ ಅಲ್ಪಸ್ವಲ್ಪವೂ ಹೊರಬೀಳುತ್ತದೆ, ಅಷ್ಟೆ. ಅಂಥ ಸಾದಾ ಶೆಲ್ಲನ್ನು ಚಾರ್ಜರಿಗೆ ಹಾಕಲೇಬಾರದು. ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. "ರೀಚಾರ್ಜಬಲ್" ಎಂದು ಅಚ್ಚಾಗಿರುವ ಕೋಶಕ್ಕೆ ಮಾತ್ರ ಮುಂದಿನ ಮಾತುಗಳೆಲ್ಲ ಅನ್ವಯಿಸುತ್ತವೆ.

ಜಾತಿ ತಿಳಿಯುವ ಬಗೆ

ಮನುಷ್ಯರಲ್ಲಿ ಜಾತಿ ಕೇಳುವುದು ಸಲ್ಲದು. ಬ್ಯಾಟರಿಗಳಲ್ಲಿ ಕೇಳದಿರುವುದು ಸಲ್ಲದು. ಮಕ್ಕಳ ಕಾರುಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿಗಳಿವೆ. ಮೊದಲನೆಯದು ನಿಕ್ಕಲ್-ಕ್ಯಾಡ್ಮಿಯಂ, ಮೈಮೇಲೆ "ಎನ್‌ಐ-ಸಿಡಿ" ಎಂದಿರುತ್ತದೆ. ಎರಡನೆಯದು ಅದರ ತಮ್ಮನಂತಿರುವ ನಿಕ್ಕಲ್-ಮೆಟಲ್ ಹೈಡ್ರೈಡ್, "ಎನ್‌ಐ-ಎಂಎಚ್" ಎಂದಿರುತ್ತದೆ. ಇವೆರಡರಲ್ಲಿಯೂ ಒಂದೊಂದು ಕೋಶದ ಒತ್ತಡ 1.2 ವೋಲ್ಟ್. ಆದ್ದರಿಂದ ನಾಲ್ಕು ಕೋಶಗಳ ಕಟ್ಟು 4.8 ವೋಲ್ಟ್, ಹವ್ಯಾಸಿಗಳ ದೊಡ್ಡ ಕಾರುಗಳಲ್ಲಿ ರೂಢಿಯಾಗಿದ್ದ ಆರು ಕೋಶಗಳ ಕಟ್ಟು 7.2 ವೋಲ್ಟ್. ಮೂರನೆಯದು ಲಿಥಿಯಂ, ಕೋಶವೊಂದಕ್ಕೆ 3.7 ವೋಲ್ಟ್, ಎರಡು ಕೋಶಗಳಿದ್ದರೆ 7.4. 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ಬುನಾದಿ ಹಾಕಿದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಈ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನಾಲ್ಕನೆಯದು ಮಗು ತಾನೇ ಕುಳಿತು ಓಡಿಸುವ ಕಾರುಗಳಲ್ಲಿರುವ ಸೀಸದ ಬ್ಯಾಟರಿ. 6 ಅಥವಾ 12 ವೋಲ್ಟ್. ಔಷಧ ಸಿಂಪಡಿಸುವ ಎಷ್ಟೋ ಬ್ಯಾಟರಿ ಪಂಪುಗಳಲ್ಲಿರುವುದೂ ಇದೇ.

ಹೀಗೆ ಬರಹ ಅಳಿಸಿಹೋಗಿದ್ದರೂ ವೋಲ್ಟಿನ ಅಂಕಿ ಉಳಿದಿದ್ದರೆ ಜಾತಿಯನ್ನು ಊಹಿಸಬಹುದು. 1.2ರಿಂದ ಭಾಗವಾಗುವ 4.8, 7.2, 9.6 ಮೊದಲಾದವು ನಿಕ್ಕಲ್ಲಿನವು; 3.7, 7.4, 11.1 ಲಿಥಿಯಂನವು. ಎರಡೂ ತಿಳಿಯದಿದ್ದರೆ ಆ ಬ್ಯಾಟರಿಯನ್ನು ಮುಟ್ಟದಿರುವುದೇ ಲೇಸು.

ಚಾರ್ಜಿನ ಲೆಕ್ಕ

ಬ್ಯಾಟರಿಯ ಮೈಮೇಲೆ ಇರುವ ಇನ್ನೊಂದು ಅಂಕಿ "ಎಂಎಎಚ್", ಅಂದರೆ ಮಿಲಿಆಂಪಿಯರ್-ಗಂಟೆ. 700 ಎಂದಿದ್ದರೆ, 700 ಮಿಲಿಆಂಪಿಯರ್ ಪ್ರವಾಹವನ್ನು ಒಂದು ಗಂಟೆ ಕೊಡಬಲ್ಲದು, ಅಥವಾ 70 ಮಿಲಿಆಂಪಿಯರನ್ನು ಹತ್ತು ಗಂಟೆ ಕೊಡಬಲ್ಲದು ಎಂದು ಸ್ಥೂಲವಾಗಿ ತಿಳಿಯಬಹುದು. ಚಾರ್ಜರಿನ ಬೆನ್ನ ಮೇಲೆಯೂ ಅದು ಕೊಡುವ ಪ್ರವಾಹ ಅಚ್ಚಾಗಿರುತ್ತದೆ. ನಿಕ್ಕಲ್ ಜಾತಿಗೆ ಕೊಟ್ಟದ್ದೆಲ್ಲ ದಕ್ಕುವುದಿಲ್ಲ. ಒಂದು ಭಾಗ ಶಾಖವಾಗಿ ಹೋಗುತ್ತದೆ. ಆದ್ದರಿಂದ ಬ್ಯಾಟರಿಯ ಅಂಕಿಯನ್ನು ಚಾರ್ಜರಿನ ಅಂಕಿಯಿಂದ ಭಾಗಿಸಿ, ಬಂದದ್ದನ್ನು 1.4ರಿಂದ ಗುಣಿಸಬೇಕು. 700 ಎಂಎಎಚ್ ಬ್ಯಾಟರಿ, 250 ಮಿಲಿಆಂಪಿಯರಿನ ಚಾರ್ಜರು ಎಂದರೆ 2.8, ಅದನ್ನು 1.4ರಿಂದ ಗುಣಿಸಿದರೆ ಹೆಚ್ಚುಕಡಿಮೆ ನಾಲ್ಕು ಗಂಟೆ.

ಈ ಸಣ್ಣ ಲೆಕ್ಕವನ್ನು ಮಾಡದಿರುವುದರಿಂದಲೇ ಎಷ್ಟೋ ಬ್ಯಾಟರಿಗಳು ಹಾಳಾಗುತ್ತವೆ. ಅಗ್ಗದ ಕಾರಿನ ಜೊತೆ ಬರುವ ಚಾರ್ಜರಿಗೆ ಬ್ಯಾಟರಿ ತುಂಬಿತೆಂದು ತಿಳಿಯುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ. ರಾತ್ರಿ ಚುಚ್ಚಿ ಬೆಳಿಗ್ಗೆ ತೆಗೆದರೆ ನಾಲ್ಕು ಗಂಟೆಯ ಊಟವನ್ನು ಹತ್ತು ಗಂಟೆ ಉಣಿಸಿದಂತಾಯಿತು. ಹೆಚ್ಚಾದ ವಿದ್ಯುತ್ತೆಲ್ಲ ಶಾಖವಾಗಿ, ಒಳಗಿನ ದ್ರಾವಣ ಒಣಗುತ್ತಾ ಬರುತ್ತದೆ. ಉತ್ತಮ ಚಾರ್ಜರುಗಳು ಬೇರೊಂದು ಉಪಾಯವನ್ನು ಬಲ್ಲವು. ನಿಕ್ಕಲ್ ಕೋಶ ತುಂಬುತ್ತಾ ಹೋದಂತೆ ಅದರ ಒತ್ತಡ ಏರುತ್ತದೆ. ಪೂರ್ತಿ ತುಂಬಿದ ಮೇಲೆ ಕಾವೇರಿ, ಒತ್ತಡ ಒಂದಿಷ್ಟು ಇಳಿಯುತ್ತದೆ. ಕೋಶವೊಂದಕ್ಕೆ ಕೆಲವೇ ಮಿಲಿವೋಲ್ಟುಗಳ ಈ ಇಳಿತವನ್ನು ಗುರುತಿಸಿ ಅವು ತಾವಾಗಿ ನಿಲ್ಲುತ್ತವೆ. ಅಂಥ ಚಾರ್ಜರು ಇಲ್ಲದವರಿಗೆ ಅಂಗೈಯೇ ಯಂತ್ರ: ಬ್ಯಾಟರಿ ಉಗುರುಬೆಚ್ಚಗಾದರೆ ಮುಗಿಯುತ್ತಾ ಬಂತೆಂದೂ, ಕೈಗೆ ಬಿಸಿ ತಾಗಿದರೆ ಹೊತ್ತು ಮೀರಿತೆಂದೂ ತಿಳಿಯಬೇಕು.

ಓಡಿಸುವಾಗಲೂ ಒಂದು ನಿಯಮವಿದೆ. ಕಟ್ಟಿನಲ್ಲಿರುವ ಕೋಶಗಳು ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ. ಒಂದು ಮೊದಲು ಸೋತರೂ ಉಳಿದವು ಅದನ್ನು ಎಳೆದೊಯ್ಯುತ್ತವೆ. ಆಗ ಸೋತ ಕೋಶದ ಧನ ಋಣಗಳೇ ತಿರುವುಮುರುವಾಗಿ ಅದು ಶಾಶ್ವತವಾಗಿ ಕೆಡುತ್ತದೆ. ಕಾರು ನಿಧಾನವಾಯಿತೆಂದು ಕಂಡೊಡನೆ ಆಟ ನಿಲ್ಲಿಸಬೇಕು; ಪೂರ್ತಿ ನಿಲ್ಲುವವರೆಗೆ ಓಡಿಸಬಾರದು.

ಎಬ್ಬಿಸುವ ಕ್ರಮ

ನಿಕ್ಕಲ್-ಕ್ಯಾಡ್ಮಿಯಂ ಕೋಶವನ್ನು ಬಹುಕಾಲ ಸುಮ್ಮನೆ ಇಟ್ಟರೆ, ಅಥವಾ ಪ್ರತಿಸಲವೂ ಅರ್ಧ ಬಳಸಿ ಮತ್ತೆ ತುಂಬುತ್ತಿದ್ದರೆ, ಒಳಗಿನ ಕ್ಯಾಡ್ಮಿಯಂನ ಸಣ್ಣ ಹರಳುಗಳು ಕೂಡಿಕೊಂಡು ದಪ್ಪವಾಗುತ್ತವೆ. ಹರಳು ದಪ್ಪವಾದಷ್ಟೂ ದ್ರಾವಣಕ್ಕೆ ತಾಗುವ ಮೈ ಕಡಿಮೆಯಾಗುತ್ತದೆ, ಶಕ್ತಿ ಕುಂದುತ್ತದೆ. ಇದಕ್ಕೆ "ಮೆಮೊರಿ" ಎಂಬ ಹೆಸರು ಬಳಕೆಯಲ್ಲಿದೆ. ಈ ದೋಷ ಹಿಂದಿರುಗಿಸಬಹುದಾದದ್ದು. ನಿಧಾನವಾಗಿ ಖಾಲಿ ಮಾಡಿ, ನಿಧಾನವಾಗಿ ತುಂಬಿ, ಹೀಗೆ ಮೂರು ನಾಲ್ಕು ಆವೃತ್ತಿ ಮಾಡಿದರೆ ದಪ್ಪ ಹರಳುಗಳು ಒಡೆದು ಮತ್ತೆ ಸಣ್ಣದಾಗುತ್ತವೆ.

ನನ್ನ ಅಕ್ಕನ ಮಗನ ಕಾರಿನ ಮೇಲೆ ನಡೆಸಿದ ಪ್ರಯೋಗವನ್ನು ಉದಾಹರಣೆಯಾಗಿ ಕೊಡುತ್ತೇನೆ. 4.8 ವೋಲ್ಟ್, 700 ಎಂಎಎಚ್, ನಿಕ್ಕಲ್-ಕ್ಯಾಡ್ಮಿಯಂ ಕಟ್ಟು. ಎಂಟು ತಿಂಗಳು ಅಟ್ಟದಲ್ಲಿತ್ತು. ಚಾರ್ಜು ಮಾಡಿದರೆ ಮೂರು ನಿಮಿಷವೂ ಓಡುತ್ತಿರಲಿಲ್ಲ. ಹೊಸದು ಕೊಳ್ಳುವುದೆಂದರೆ ಅಕ್ಕನಿಗೆ ಒಂದು ದಿನದ ಕೂಲಿ. ಪರಿಚಯದ ಮೊಬೈಲು ರಿಪೇರಿ ಅಂಗಡಿಯವರಿಂದ ಮೀಟರು ತಂದು ಅಳೆದಾಗ ಇಡೀ ಕಟ್ಟು 3.7 ವೋಲ್ಟ್ ತೋರಿಸಿತು. ಒಂದೊಂದನ್ನೇ ಅಳೆದಾಗ ಗುಟ್ಟು ಬಯಲಾಯಿತು: ಮೂರು ಕೋಶಗಳು 1.2ಕ್ಕಿಂತ ತುಸು ಮೇಲಿದ್ದವು, ನಾಲ್ಕನೆಯದು ಸೊನ್ನೆ. ಅಂದರೆ ಬ್ಯಾಟರಿ ಹೋಗಿರಲಿಲ್ಲ. ಅದರ ಕಾಲುಭಾಗ ಹೋಗಿತ್ತು.

12 ವೋಲ್ಟಿನ ಒಂದು ಹಳೆಯ ಅಡಾಪ್ಟರಿಗೆ 100 ಓಮ್, 2 ವ್ಯಾಟಿನ ರೆಸಿಸ್ಟರನ್ನು ಸಾಲಾಗಿ ಜೋಡಿಸಿ, ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿದೆ. ನಾಲ್ಕು ಕೋಶ ತುಂಬುವಾಗಿನ ಒತ್ತಡ ಸುಮಾರು 5.8, ಉಳಿಯುವ 6.2 ವೋಲ್ಟನ್ನು 100 ಓಮಿನಿಂದ ಭಾಗಿಸಿದರೆ ಹರಿಯುವುದು 62 ಮಿಲಿಆಂಪಿಯರ್. ಮೇಲಿನ ಲೆಕ್ಕದಂತೆ ಬೇಕಾದ ಹೊತ್ತು ಸುಮಾರು ಹದಿನಾರು ಗಂಟೆ. ಬೆಳಿಗ್ಗೆ ಐದಕ್ಕೆ ಹಚ್ಚಿ, ನಡುವೆ ಕರೆಂಟು ಹೋದ ಒಂದೂವರೆ ಗಂಟೆಯನ್ನು ಸೇರಿಸಿ, ರಾತ್ರಿ ಹತ್ತೂವರೆಗೆ ತೆಗೆದೆ. ಮರುದಿನ ಟಾರ್ಚಿನ ಬಲ್ಬು ಹಚ್ಚಿ, ಕೋಶಗಳನ್ನು ಒಂದೊಂದಾಗಿ ಅಳೆಯುತ್ತಾ, 1 ವೋಲ್ಟಿಗೆ ಬಂದೊಡನೆ ನಿಲ್ಲಿಸಿದೆ. ಮೂರು ಆವೃತ್ತಿಯ ಬಳಿಕ ಮೂರು ಕೋಶಗಳು ಗಟ್ಟಿಯಾದವು. ನಾಲ್ಕನೆಯದು ಚಾರ್ಜಿನಲ್ಲಿರುವಾಗ ಎದ್ದು ಕುಳಿತರೂ ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಸೊನ್ನೆಗೆ ಇಳಿಯುತ್ತಿತ್ತು. ಹರಳು ಬೆಳೆದು, ನಡುವಣ ತೆಳುಪರದೆಯನ್ನು ತೂರಿ, ಎರಡು ಧ್ರುವಗಳನ್ನು ಒಳಗೇ ಕೂಡಿಸಿದ ಲಕ್ಷಣವಿದು. ಇಂಥ ಕೋಶಕ್ಕೆ ಒಮ್ಮೆಲೇ ಭಾರಿ ಪ್ರವಾಹ ಹಾಯಿಸಿ ಆ ಹರಳನ್ನು ಸುಡುವ ಹವ್ಯಾಸಿಗಳಿದ್ದಾರೆ. ತೂತಾದ ಪರದೆ ಅದರಿಂದ ಹೊಲಿದುಕೊಳ್ಳುವುದಿಲ್ಲ. ಕೋಶ ಸಿಡಿಯುವ ಭಯವೂ ಇದೆ. ಅದೇ ಜಾತಿಯ, ಅದೇ ಅಂಕಿಯ ಬೇರೊಂದು ಕೋಶವನ್ನು ಅಂಗಡಿಯವರು ಬೆಸುಗೆ ಹಾಕಿ ಕೊಟ್ಟರು. ಈಗ ಕಾರು ಹನ್ನೆರಡು ನಿಮಿಷ ಓಡುತ್ತದೆ.

ನಿಕ್ಕಲ್-ಮೆಟಲ್ ಹೈಡ್ರೈಡಿಗೂ ಈ ಕ್ರಮ ಸಲ್ಲುತ್ತದೆ. ಆದರೆ ಅದು ಹೆಚ್ಚು ಚಾರ್ಜನ್ನು ಸಹಿಸುವುದು ಕಡಿಮೆ. ಹೊತ್ತಿನ ಲೆಕ್ಕದಲ್ಲಿ ಇನ್ನೂ ಎಚ್ಚರ ಬೇಕು. ಬ್ಯಾಟರಿಯನ್ನು ಫ್ರಿಜ್ಜಿನ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರೆ ಜೀವ ಬರುತ್ತದೆಂಬ ನಂಬಿಕೆಯೂ ಪ್ರಚಾರದಲ್ಲಿದೆ. ತಣ್ಣಗಿನ ಬ್ಯಾಟರಿಯ ಮೇಲೆ ನೀರಹನಿ ಕೂತು ತುಕ್ಕು ಹಿಡಿಯುವುದಲ್ಲದೆ ಅದರಿಂದ ಬೇರೇನೂ ಫಲವಿಲ್ಲ.

ಎಬ್ಬಿಸಬಾರದವು

ಇಷ್ಟನ್ನು ಓದಿದ ಉತ್ಸಾಹದಲ್ಲಿ ಯಾರೂ ಇದೇ ಚಿಕಿತ್ಸೆಯನ್ನು ಲಿಥಿಯಂ ಬ್ಯಾಟರಿಗೆ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹದಿನಾರು ಗಂಟೆಯ ನಿಧಾನ ಚಾರ್ಜು ನಿಕ್ಕಲ್ಲಿಗೆ ಅಮೃತ; ಲಿಥಿಯಂಗೆ ಅದೇ ವಿಷ. ಲಿಥಿಯಂ ಕೋಶ 4.2 ವೋಲ್ಟಿಗೆ ತುಂಬಿತು. ಅದರ ಮೇಲೆ ಹನಿಯಷ್ಟನ್ನೂ ಅದು ಸಹಿಸದು. ಅದಕ್ಕೆಂದೇ ಮಾಡಿದ ಚಾರ್ಜರು ಮೊದಲು ಒಂದೇ ಸಮನಾದ ಪ್ರವಾಹ ಕೊಟ್ಟು, 4.2 ತಲುಪಿದ ಮೇಲೆ ಒತ್ತಡವನ್ನು ಅಲ್ಲಿಯೇ ಹಿಡಿದು ಪ್ರವಾಹವನ್ನು ಇಳಿಸುತ್ತಾ ಬರುತ್ತದೆ. ಎರಡು ಮೂರು ಕೋಶಗಳ ಕಟ್ಟಾದರೆ ಪ್ರತಿ ಕೋಶವನ್ನೂ ಬೇರೆ ಬೇರೆ ನೋಡಿ ಸಮಗೊಳಿಸುವ ಚಾರ್ಜರೇ ಬೇಕು.

ಕೆಳಗೂ ಒಂದು ಗೆರೆಯಿದೆ: 3 ವೋಲ್ಟ್. ಅದಕ್ಕಿಂತ ತುಸು ಇಳಿದದ್ದನ್ನು ಉತ್ತಮ ಚಾರ್ಜರು ತಾನೇ ಬಹು ಸಣ್ಣ ಪ್ರವಾಹದಿಂದ ಮೇಲೆತ್ತುತ್ತದೆ. ಬಹಳ ಕೆಳಗಿಳಿದು ದಿನಗಟ್ಟಲೆ ಬಿದ್ದಿದ್ದರೆ ಮಾತು ಬೇರೆ. ಋಣಧ್ರುವದ ಹಿಂದೆ ಇರುವ ತಾಮ್ರದ ತಗಡು ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜು ಮಾಡಿದಾಗ ಆ ತಾಮ್ರ ಸಿಕ್ಕಸಿಕ್ಕಲ್ಲಿ ಕೂತು ಒಳಗೇ ಎರಡು ಧ್ರುವಗಳನ್ನು ಕೂಡಿಸಬಲ್ಲದು. ನಿಕ್ಕಲ್ ಕೋಶದಲ್ಲಿ ಹೀಗಾದರೆ ಕಾರು ಓಡುವುದಿಲ್ಲ. ಲಿಥಿಯಂ ಕೋಶದಲ್ಲಿರುವ ದ್ರಾವಣ ಹೊತ್ತಿ ಉರಿಯುವಂಥದು. ಚಾರ್ಜರು ಇಂಥ ಬ್ಯಾಟರಿಯನ್ನು ನಿರಾಕರಿಸಿದಾಗ, ಇದು ನಿಕ್ಕಲ್ ಎಂದು ಅದಕ್ಕೆ ಸುಳ್ಳು ಹೇಳಿ ಬಲವಂತವಾಗಿ ತುಂಬುವವರಿದ್ದಾರೆ. ಯಂತ್ರ ಬೇಡವೆಂದದ್ದು ನಮ್ಮ ಹಿತಕ್ಕಾಗಿಯೇ. ಮೈ ಉಬ್ಬಿದ, ಪೆಟ್ಟು ಬಿದ್ದು ಸೊಟ್ಟಗಾದ, ಸಿಹಿವಾಸನೆ ಬರುವ ಲಿಥಿಯಂ ಬ್ಯಾಟರಿಗೆ ಯಾವ ವೈದ್ಯವೂ ಇಲ್ಲ.

ಒಳ್ಳೆಯ ಲಿಥಿಯಂ ಬ್ಯಾಟರಿಯನ್ನೂ ಹಾಸಿಗೆಯ ಮೇಲೆ, ದಿಂಬಿನ ಪಕ್ಕದಲ್ಲಿ ಚಾರ್ಜಿಗೆ ಇಡಬಾರದು. ಕಡಪ ಕಲ್ಲಿನ ಮೇಲೋ, ಬರಿಯ ನೆಲದ ಮೇಲೋ, ಎದುರಿಗೆ ಒಬ್ಬರು ಎಚ್ಚರವಿರುವಾಗಲೇ ಇಡಬೇಕು. 45 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಅದನ್ನು ಚಾರ್ಜು ಮಾಡುವಂತಿಲ್ಲ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ನೆರಳೇ 40 ದಾಟುವಾಗ, ತಗಡಿನ ಮಾಡಿನ ಕೆಳಗಿನ ಮಧ್ಯಾಹ್ನದ ಕಾವನ್ನು ಹೇಳಬೇಕಾದುದಿಲ್ಲ. ಬೇಸಗೆಯಲ್ಲಿ ಮುಂಜಾನೆಯ ತಂಪುಹೊತ್ತೇ ತಕ್ಕ ವೇಳೆ.

ಇಡುವುದು, ಬಿಡುವುದು

ಪರೀಕ್ಷೆ ಹತ್ತಿರ ಬಂತೆಂದು ಮಕ್ಕಳ ಕಾರನ್ನು ತೆಗೆದಿಡುವ ಮನೆಗಳುಂಟು. ಆಗ ಬ್ಯಾಟರಿಯನ್ನು ಕಾರಿನಿಂದ ಬಿಚ್ಚಿ ಬೇರೆ ಇಡಬೇಕು. ಇಡುವ ಸ್ಥಿತಿಯೂ ಜಾತಿಗೊಂದು. ನಿಕ್ಕಲ್-ಕ್ಯಾಡ್ಮಿಯಂ ಬಹುಮಟ್ಟಿಗೆ ಖಾಲಿಯಾಗಿ ಇದ್ದರೂ ಬಾಧಕವಿಲ್ಲ. ಮೆಟಲ್ ಹೈಡ್ರೈಡು ತಾನಾಗಿ ಸೋರಿಹೋಗುವ ಸ್ವಭಾವದ್ದಾದ್ದರಿಂದ ಕೆಲವು ತಿಂಗಳಿಗೊಮ್ಮೆ ತುಂಬುತ್ತಿರಬೇಕು. ಲಿಥಿಯಂ ಅರ್ಧ ತುಂಬಿರಬೇಕು, ಅಂದರೆ ಕೋಶಕ್ಕೆ ಸುಮಾರು 3.8 ವೋಲ್ಟ್. ಸೀಸದ ಬ್ಯಾಟರಿ ಪೂರ್ತಿ ತುಂಬಿಯೇ ಇರಬೇಕು; ಖಾಲಿ ಬಿಟ್ಟರೆ ಅದರ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ, ಆಮೇಲೆ ಎಷ್ಟು ಉಣಿಸಿದರೂ ಉಣ್ಣದು. ಸುಗ್ಗಿ ಮುಗಿದ ಮೇಲೆ ಮೂಲೆಗಿಟ್ಟ ಬ್ಯಾಟರಿ ಪಂಪು ಮುಂದಿನ ಮಳೆಗಾಲಕ್ಕೆ ಏಳದಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ತಂದೆಯವರು ಈಗ ತಿಂಗಳಿಗೊಮ್ಮೆ ಅದನ್ನು ಚಾರ್ಜಿಗೆ ಹಚ್ಚುತ್ತಾರೆ.

ನಿಜವಾಗಿ ಹೋದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯುವುದಾಗಲಿ, ಒಲೆಗೆ ಹಾಕುವುದಾಗಲಿ ಸಲ್ಲದು. ಕ್ಯಾಡ್ಮಿಯಂ ಎಂಥ ವಿಷವೆಂಬುದಕ್ಕೆ ಜಪಾನಿನ ತೊಯಾಮಾ ಪ್ರಾಂತದ ಕಥೆಯೇ ಸಾಕ್ಷಿ. ಅಲ್ಲಿ ಗಣಿಯಿಂದ ಜಿನ್‌ಝೂ ನದಿಗೆ ಹರಿದ ಕ್ಯಾಡ್ಮಿಯಂ ಗದ್ದೆಗಳನ್ನೂ ಅಕ್ಕಿಯನ್ನೂ ಸೇರಿ, ತಿಂದವರ ಮೂಳೆಗಳು ಮೆದುವಾಗಿ ಮುರಿಯುತ್ತಿದ್ದವು. ರೋಗಿಗಳ ನರಳಾಟವೇ ರೋಗದ ಹೆಸರಾಯಿತು. "ಇತಾಯ್ ಇತಾಯ್" ಎಂದರೆ "ನೋವು, ನೋವು". ಇದಕ್ಕೆ ಕ್ಯಾಡ್ಮಿಯಂ ಕಾರಣವೆಂದು 1968ರಲ್ಲಿ ಜಪಾನ್ ಸರ್ಕಾರ ಒಪ್ಪಿಕೊಂಡಿತು. ಅದು ಗಣಿಯ ವಿಷ, ಬ್ಯಾಟರಿಯದಲ್ಲ. ಆದರೆ ಲೋಹ ಅದೇ, ಗದ್ದೆಯೂ ನಮ್ಮ ಗದ್ದೆಯಂಥದೇ. ನಮ್ಮ ದೇಶದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಧ್ರುವಗಳಿಗೆ ಟೇಪು ಸುತ್ತಿ, ಸಂಗ್ರಹಿಸುವವರಿಗೆ ತಲುಪಿಸುವಷ್ಟು ಹೊಣೆ ನಮ್ಮದು. ನಮ್ಮ ಕಾಲೇಜಿನಲ್ಲಿ ಇದಕ್ಕಾಗಿ ಒಂದು ಪೆಟ್ಟಿಗೆಯನ್ನು ಇಡುವುದಾದರೆ, ಅದನ್ನು ತುಂಬಿದಾಗಲೆಲ್ಲ ಒಯ್ದು ಒಪ್ಪಿಸುವ ಕೆಲಸವನ್ನು ವಿದ್ಯಾರ್ಥಿಗಳಾದ ನಾವು ಸಂತೋಷದಿಂದ ವಹಿಸಿಕೊಳ್ಳಬಹುದು.

ಇದು ವಿಜ್ಞಾನದ ವಿಷಯ, ಕಲಾ ವಿದ್ಯಾರ್ಥಿಗಳಿಗೆ ಏಕೆ ಎಂದು ಕೇಳುವವರು ಇರಬಹುದು. ಬ್ಯಾಟರಿ ನಮ್ಮ ಮನೆಗಳಿಗೆ ಬಂದಾಗಿದೆ. ಅದನ್ನು ಬಳಸುವ ತಿಳಿವಳಿಕೆ ಮಾತ್ರ ಪರಭಾಷೆಯ ಸಣ್ಣಕ್ಷರಗಳಲ್ಲಿ ಡಬ್ಬಿಯ ಮೇಲೆಯೇ ಉಳಿದಿದೆ. ಓದಬಲ್ಲವರು ಓದಲಾರದವರಿಗೆ ಅದನ್ನು ತಿಳಿಗನ್ನಡದಲ್ಲಿ ಹೇಳಬೇಕಾಗಿದೆ. ಅಕ್ಷರ ಕಲಿತವರ ಮೇಲೆ ಮನೆಯವರಿಗಿರುವ ಹಕ್ಕು ಅದು. ಮುಂದಿನ ಸಲ ಮನೆಯಲ್ಲಿ "ಬ್ಯಾಟರಿ ಹೋಯಿತು" ಎಂಬ ಮಾತು ಕೇಳಿಬಂದಾಗ, ಮಿತ್ರರು ಅದನ್ನು ಬಿಸುಡುವ ಮೊದಲು ಕೈಗೆತ್ತಿಕೊಂಡು ಮೈಮೇಲಿನ ಬರಹವನ್ನು ಓದಲಿ. ಎಬ್ಬಿಸಬಹುದಾದದ್ದನ್ನು ಎಬ್ಬಿಸಲಿ, ಎಬ್ಬಿಸಬಾರದ್ದನ್ನು ಮಕ್ಕಳ ಕೈಗೆ ಸಿಗದಂತೆ ದೂರವಿಡಲಿ.